ತಾಯಮ್ಮ ಕೈಗುಣ ಕಳೆದುಕೊಂಡದ್ದು

ಬಂದಳಿಕೆಯ ಸುತ್ತಿನ ಹಳ್ಳಿಗಳಲ್ಲಿ ಕುರಿಯೊಂದು ಮಲಗಿತೆಂದರೆ ಜನ ಮೊದಲು ಮಾಡುತ್ತಿದ್ದ ಕೆಲಸ ತಾಯಮ್ಮನಿಗೆ ಹೇಳಿಕಳಿಸುವುದು. ದನದ ಡಾಕ್ಟರಿಗೆ ಆಮೇಲೆ, ದೇವರಿಗೆ ಅದಕ್ಕೂ ಆಮೇಲೆ. "ಡಾಕ್ಟ್ರು ಬರಕೊಟ್ಟ ಔಷಧಿನೂ ತಾಯವ್ವನ ಕೈಲೇ ಹಾಕ್ಸಿದ್ರ ನಾಟ್ತೈತಿ" ಎನ್ನುವವರಿದ್ದರು. ಕೈಗುಣವೆಂದರೆ ಏನು ಎಂದು ಕೇಳಿದರೆ ಇವರಲ್ಲಿ ಒಬ್ಬರೂ ಬಿಡಿಸಿ ಹೇಳಲಾರರು. ಅದು ತಾಯಮ್ಮನಿಗೆ ಇದೆ ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ. ತಾಯಮ್ಮನಿಗಂತೂ ಇರಲೇ ಇಲ್ಲ.

ಆಕೆ ಹುಟ್ಟಿದ್ದೇ ಮಂದೆಯಲ್ಲಿ. ತಾಯಿ ಯಾರದೋ ಹೊಲದ ಬದುವಿನಲ್ಲಿ ಹೆತ್ತು, ಮಾರನೆಯ ವಾರವೇ ಕೂಸನ್ನೂ ಎರಡು ಎಳೆಮರಿಗಳನ್ನೂ ಒಂದೇ ಕಂಬಳಿಯಲ್ಲಿ ಹೊತ್ತು ಮುಂದಿನ ಊರಿಗೆ ನಡೆದಳಂತೆ. ಶಾಲೆಯನ್ನು ತಾಯಮ್ಮ ಹೊರಗಿನಿಂದ ನೋಡಿದ್ದಳು, ಮಂದೆ ಅದರ ಬಯಲು ದಾಟುವಾಗ. ಬುದ್ಧಿ ತಿಳಿಯುವ ಹೊತ್ತಿಗೆ ಗೊಟ್ಟ ಹಿಡಿಯುವುದನ್ನು ಕಲಿತಿದ್ದಳು. ಕುರಿಯನ್ನು ಎರಡು ಮೊಣಕಾಲಿನ ನಡುವೆ ಅವುಚಿ, ದವಡೆ ಬಿಡಿಸಿ, ಬಿದಿರಿನ ಗೊಟ್ಟವನ್ನು ನಾಲಗೆಯ ಪಕ್ಕದಿಂದ ತೂರಿಸಿ ಮದ್ದು ಇಳಿಸಬೇಕು. ಕಾಯಿಲೆ ಬಿದ್ದ ಕುರಿ ತಾನಾಗಿ ಬಾಯಿ ಹಾಕುವುದಿಲ್ಲ. ಅದಕ್ಕೇ ಗೊಟ್ಟ ಇರುವುದು.

ಮದುವೆಯಾಗಿ ದೊಡ್ಡಬೀರಪ್ಪನ ಮನೆಗೆ ಬರುವ ಹೊತ್ತಿಗೆ ಗೊಟ್ಟದ ಕಾಲ ಮುಗಿದು ಸೂಜಿಯ ಕಾಲ ಬಂದಿತ್ತು. ಶಿರಾಳಕೊಪ್ಪದ ಔಷಧಿ ಅಂಗಡಿಯೊಂದರಲ್ಲಿ ಹಳದಿ ಬಣ್ಣದ ಸೂಜಿಮದ್ದಿನ ಬಾಟಲಿ ಚೀಟಿಯಿಲ್ಲದೆಯೇ ಸಿಗುತ್ತಿತ್ತು. ದೊಡ್ಡಬೀರಪ್ಪ ತೋಳದ ಹಿಂದೆ ಕೋಲು ಹಿಡಿದು ಓಡುವ ಗಂಡಸು, ಸೂಜಿ ಕಂಡರೆ ಮಾತ್ರ ಮುಖ ಆ ಕಡೆ ತಿರುಗಿಸುತ್ತಿದ್ದ. ಹೀಗಾಗಿ ಆ ಕೆಲಸ ಹೆಂಡತಿಯ ಪಾಲಿಗೆ ಬಂತು. ಆಕೆ ಚುಚ್ಚಿದ ಕುರಿಗಳು ಎದ್ದು ನಿಂತವು. ಅವುಗಳಲ್ಲಿ ಎಷ್ಟು ಚುಚ್ಚದಿದ್ದರೂ ಏಳುತ್ತಿದ್ದವೋ ಯಾರಿಗೆ ಗೊತ್ತು? ಎದ್ದದ್ದನ್ನು ಊರು ನೆನಪಿಟ್ಟುಕೊಂಡಿತು, ಏಳದ್ದು ಸಾರಿಗೆ ಹೋಯಿತು. ಹೆಸರು ಬೆಳೆಯುವುದು ಹೀಗೇ.

ಕೈಗುಣಕ್ಕೆ ಹಿಂದಿನಿಂದ ಬಂದ ಕಟ್ಟಳೆ ಒಂದಿದೆ. ಮದ್ದು ಹಾಕಿದ್ದಕ್ಕೆ ದುಡ್ಡು ಮುಟ್ಟಬಾರದು. ಎಲೆ ಅಡಿಕೆ ಕೊಟ್ಟರೆ ತೆಗೆದುಕೊಳ್ಳಬಹುದು, ಕುಬುಸದ ಕಣ ಕೊಟ್ಟರೆ ತೆಗೆದುಕೊಳ್ಳಬಹುದು. ದುಡ್ಡು ಮುಟ್ಟಿದ ದಿನ ಗುಣ ಕೈಬಿಟ್ಟು ಹೋಗುತ್ತದೆ. ತಾಯಮ್ಮ ಇದನ್ನು ಒಂದು ಸಲವೂ ಮೀರಿದವಳಲ್ಲ. ಇದರ ಮೇಲೆ ತನ್ನದೇ ಒಂದು ಕಟ್ಟಳೆಯನ್ನೂ ಸೇರಿಸಿಕೊಂಡಿದ್ದಳು. ಎದ್ದ ಕುರಿಗೆ ಸೂಜಿ ಇಲ್ಲ. ಇಷ್ಟು ದಿನ ಹಾಕಲೇಬೇಕು ಎಂದು ಡಾಕ್ಟರು ಹೇಳಿದರೆ ಆಕೆ ತಲೆಯಾಡಿಸಿ ಬರುತ್ತಿದ್ದಳು, ಆಮೇಲೆ ದಾರಿಯಲ್ಲಿ ಗಂಡನಿಗೆ ಹೇಳುತ್ತಿದ್ದಳು:

"ಎದ್ದು ಮೇಯಾಕ ಹತ್ತಿದ ಕುರಿಗೆ ಮತ್ತ ಚುಚ್ಚಿದ್ರ ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ ಅಂದಂಗಾತು."

ಉಳಿದ ಮದ್ದು ಬಾಟಲಿಯ ಸಮೇತ ಚೀಲ ಸೇರುತ್ತಿತ್ತು, ಮುಂದಿನ ಕುರಿ ಕೆಮ್ಮುವವರೆಗೆ. ಕೆಮ್ಮಿದ್ದಕ್ಕಿಷ್ಟು, ಕುಂಟಿದ್ದಕ್ಕಿಷ್ಟು, ಮಳೆಯಲ್ಲಿ ನೆಂದು ಮುದುರಿ ನಿಂತದ್ದಕ್ಕೂ ಇರಲಿ ಎಂದು ಒಂದಿಷ್ಟು. ಹೀಗೆ ವರ್ಷಾನುಗಟ್ಟಲೆ ನಡೆಯಿತು. ಈಚೆಗೆ ಒಂದೆರಡು ಹಂಗಾಮಿನಲ್ಲಿ ಹಳದಿ ಮದ್ದಿಗೆ ಕೆಲವು ಮರಿಗಳು ಏಳಲೇ ಇಲ್ಲ. ಔಷಧಿ ಕಂಪನಿಯವರು ನೀರು ಬೆರೆಸುತ್ತಾರೆಂದು ದೊಡ್ಡಬೀರಪ್ಪ ಬೈದ, ತಾಯಮ್ಮ ಹೌದೆಂದಳು.

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ವನಜಮ್ಮನ ಗದ್ದೆಗೆ ತಾಯಮ್ಮನ ಮಂದೆ ಪ್ರತಿ ವರ್ಷವೂ ಹೋಗುತ್ತಿತ್ತು. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಕೆಲವು ರಾತ್ರಿ ಕುರಿ ಮಲಗಿಸಿದರೆ ಹಿಕ್ಕೆಯೂ ಗಂಜಳವೂ ನೆಲಕ್ಕಿಳಿದು ಮುಂದಿನ ಬೆಳೆಗೆ ಬೇರೆ ಗೊಬ್ಬರ ಬೇಡ. ವನಜಮ್ಮ ಮಾತಿನಲ್ಲಿ ಸಿಡುಕಿ, ಕೈ ಮಾತ್ರ ಧಾರಾಳ. ಒಂದು ವರ್ಷ ಮಂದೆ ಅಲ್ಲಿದ್ದಾಗಲೇ ಆಕೆಯ ಕರು ಹಾಕಿದ ಎಮ್ಮೆ ಕಾಲು ಚಾಚಿ ಮಲಗಿತು. ತಾಯಮ್ಮ ಚುಚ್ಚಿದಳು, ಎಮ್ಮೆ ಎದ್ದು ಕರುವನ್ನು ನೆಕ್ಕಿತು. ಅಂದಿನಿಂದ ವನಜಮ್ಮನಿಗೆ ತಾಯಮ್ಮನೆಂದರೆ ಒಡಹುಟ್ಟಿದವಳಿಗಿಂತ ಒಂದು ಕೈ ಹೆಚ್ಚು.

ವನಜಮ್ಮನ ಮಗ ತೀರ್ಥೇಶನಿಗೆ ಜಡೆಯಿಂದ ಹೆಣ್ಣು ತಂದರು. ಹುಡುಗಿಯ ಹೆಸರು ಚೈತ್ರ. ಸಾರಿಗೆ ಉಪ್ಪು ಎಷ್ಟು ಎಂಬುದನ್ನೂ ಅತ್ತೆಯನ್ನು ಕೇಳಿಯೇ ಹಾಕಬೇಕಾದ ಮನೆ ಅದು. ಗದ್ದೆಯ ಕೆಳಮೂಲೆಯಲ್ಲಿ ತೀರ್ಥೇಶ ತೋಡಿಸಿದ ಕೃಷಿ ಹೊಂಡವೊಂದು ಕಪ್ಪೆಗಳ ಪಾಲಾಗಿ ಬಿದ್ದಿತ್ತು. ಚೈತ್ರ ಗಂಡನನ್ನು ಕಾಡಿ, ಶಿವಮೊಗ್ಗಕ್ಕೆ ಹೋಗಿ ಮೀನು ಸಾಕುವ ತರಬೇತಿ ಮುಗಿಸಿ ಬಂದು, ಹೊಂಡಕ್ಕೆ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಟ್ಟಳು. ಮೊದಲ ವರ್ಷ ಮೀನು ಚೆನ್ನಾಗಿ ಬಂದವು. ಆ ಮನೆಯಲ್ಲಿ ಆಕೆಯದು ಎನ್ನುವಂಥದ್ದು ಏನಾದರೂ ಇದ್ದರೆ ಆ ಹೊಂಡ ಒಂದೇ. ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಓಡಾಡುವ ಹುಡುಗಿ ಹೊಂಡದ ಏರಿ ಹತ್ತಿದರೆ ಗಂಡನಿಗೇ ಕೆಲಸ ಹೇಳುತ್ತಿದ್ದಳು. ಇದನ್ನು ನೋಡಿ ತಾಯಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು. ಆಕೆಗೆ ಹೆಣ್ಣುಮಕ್ಕಳಿರಲಿಲ್ಲ.

ಹೊಂಡದ ನೀರು ಹಸಿರಾದರೆ ಮೀನಿಗೆ ಅರ್ಧ ಹೊಟ್ಟೆ ತುಂಬಿದಂತೆ. ಅದಕ್ಕೆ ಸಗಣಿ ಹಾಕಿ ಎಂದು ತರಬೇತಿಯಲ್ಲಿ ಹೇಳಿದ್ದರು. "ಸಗಣಿ ಯಾಕವ್ವಾ, ಹಿಕ್ಕಿ ಹಾಕು, ಅದು ಬಲು ಬಿರುಸು" ಎಂದವಳು ತಾಯಮ್ಮ. ಎರಡು ವರ್ಷವೂ ಮಂದೆ ಎದ್ದು ಹೋಗುವ ದಿನ ತಾನೇ ನಿಂತು ಹಿಕ್ಕೆ ಗುಡಿಸಿ ಬುಟ್ಟಿಗಟ್ಟಲೆ ಹೊಂಡಕ್ಕೆ ಸುರಿಸಿದ್ದಳು. ಗದ್ದೆಯಲ್ಲಿ ಉಳಿದದ್ದನ್ನು ಮಳೆ ತೊಳೆದು ಅದೇ ಹೊಂಡಕ್ಕೆ ತಂದು ಹಾಕುತ್ತಿತ್ತು. ನೀರು ಎಳೆ ಬಾಳೆ ಎಲೆಯ ಬಣ್ಣಕ್ಕೆ ತಿರುಗಿತು.

ಎರಡನೆಯ ವರ್ಷ, ಮಳೆ ನಿಂತು ಚಳಿ ಹಿಡಿಯುವ ಹೊತ್ತಿಗೆ, ಹೊಂಡದಲ್ಲಿ ಮೀನು ತೇಲತೊಡಗಿದವು. ರೆಕ್ಕೆಯ ಬುಡದಲ್ಲಿ ರಕ್ತ ಕಟ್ಟಿದ ಕಲೆ, ಮೈಮೇಲೆ ಹುಣ್ಣು, ಹೊಟ್ಟೆ ಉಬ್ಬಿ ಹುರುಪೆ ಎದ್ದು ನಿಂತಿತ್ತು. ಚೈತ್ರ ಸೊರಬದ ಮೀನುಗಾರಿಕೆ ಕಚೇರಿಗೆ ಒಂದು ಮೀನು ಒಯ್ದು ತೋರಿಸಿ ಬರುತ್ತೇನೆಂದಳು.

"ಆಫೀಸ್‌ನೋರು ಬರೋದ್ರೊಳಗೆ ಮೀನಿನ ತಿಥಿ ಆಗಿರ್ತದೆ," ಎಂದಳು ವನಜಮ್ಮ. "ತಾಯಕ್ಕನ ಕರೆಸ್ತೀನಿ. ಅವಳ ಕೈಲೂ ಆಗ್ಲಿಲ್ಲ ಅಂದ್ರೆ ಹೊಂಡ ಮುಚ್ಚಿಸಿ ಗದ್ದೆ ಮಾಡೋದೇ ಸೈ. ಮನೆ ಹೆಂಗಸು ಮೂರು ಹೊತ್ತೂ ಏರಿ ಮೇಲೆ ನಿಂತಿರೋದು ನಾನಂತೂ ನೋಡಕ್ಕಾಗಲ್ಲ."

ಫೋನು ಬಂದಾಗ ತಾಯಮ್ಮ ಹೇಳಬೇಕಾಗಿದ್ದದ್ದು ಒಂದೇ ಮಾತು. ಮೀನಿಗೆ ಮದ್ದು ಹಾಕಿ ನನಗೆ ಗೊತ್ತಿಲ್ಲ ಎಂಬ ಮಾತು. ಅದು ನಾಲಗೆಯ ತುದಿಗೂ ಬಂದಿತ್ತು. ಆದರೆ ಕೈಗುಣದವಳು ಎಂದು ಹೆಸರಾದ ಮೇಲೆ ಗೊತ್ತಿಲ್ಲ ಎನ್ನುವುದು ಬಲು ಕಷ್ಟ. "ನಾಳಿಗೇ ಬರ್ತೀನಿ ವನಜಕ್ಕ" ಎಂದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಅದೇ ಅಂಗಡಿಗೆ ಹೋಗಿ ಹಳದಿ ಮದ್ದು ಪುಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದಳು. ಸಿಕ್ಕಿತು. ಕೋಳಿಗೂ ಕೊಡುತ್ತಾರೆ, ಮೀನಿಗೂ ನಡೆಯುತ್ತದೆ ಎಂದ ಅಂಗಡಿಯವನು.

ತೌಡು, ಶೇಂಗಾ ಹಿಂಡಿಗೆ ಹಳದಿ ಪುಡಿ ಕಲಸಿ ಉಂಡೆ ಕಟ್ಟಿ ತಾಯಮ್ಮ ತನ್ನ ಕೈಯಾರೆ ಹೊಂಡಕ್ಕೆ ಎಸೆದಳು. ನೋಡಲು ವನಜಮ್ಮನ ಜೊತೆಗೆ ನೆರೆಮನೆಯ ಜಗದಾಂಬ, ಇನ್ನಿಬ್ಬರು ಹೆಂಗಸರು ಬಂದಿದ್ದರು. ಉಂಡೆ ಬಿದ್ದಲ್ಲಿ ನೀರು ಕುದಿಯುವ ಹಾಗೆ ಮೀನು ಮುತ್ತಿದವು.

"ನೋಡ್ರೇ, ತಾಯಕ್ಕನ ಕೈಯಿಂದ ಬಿದ್ರೆ ಹೆಂಗೆ ತಿಂತಾವೆ," ಎಂದಳು ಜಗದಾಂಬ.

ಚೈತ್ರ ಮಾತ್ರ ಆ ಕಡೆ ನೋಡುತ್ತಿರಲಿಲ್ಲ. ಹೊಂಡದ ಆಚೆ ಅಂಚಿನಲ್ಲಿ, ಹುಲ್ಲು ಬಾಗಿದ ಕಡೆ, ಕೆಲವು ಮೀನು ನೀರಿನ ಮೇಲ್ಮೈಗೆ ಬಾಯಿ ತಂದು ಕದಲದೆ ನಿಂತಿದ್ದವು. ಅವುಗಳ ಬೆನ್ನ ಮೇಲಿನ ಹುಣ್ಣು ದಡದಿಂದಲೇ ಕಾಣುತ್ತಿತ್ತು. ಆಕೆ ತಾಯಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ದೊಡ್ಡಮ್ಮ, ತಿಂತಾ ಇರೋವೆಲ್ಲ ಗಟ್ಟಿ ಇರೋವು. ಸೀಕು ಬಂದಿರೋವು ಅಲ್ಲಿ ನಿಂತಾವೆ ನೋಡಿ. ಉಂಡೆ ಮೂಗಿನ ಹತ್ರ ಬಿದ್ರೂ ಬಾಯಿ ಹಾಕ್ತಾ ಇಲ್ಲ. ಬೇಕಾದೋವಕ್ಕೆ ಮದ್ದೇ ಹೋಗ್ತಾ ಇಲ್ಲ ಅನ್ಸುತ್ತೆ."

ಈ ಸತ್ಯ ತಾಯಮ್ಮನಿಗೆ ಹಾಲು ಹಲ್ಲು ಬೀಳುವ ಮೊದಲೇ ಗೊತ್ತಿದ್ದದ್ದು. ಕಾಯಿಲೆ ಬಿದ್ದದ್ದು ಬಾಯಿ ಹಾಕುವುದಿಲ್ಲ. ಆದರೆ ಇಲ್ಲಿ ಯಾವ ಮೊಣಕಾಲಿನ ನಡುವೆ ಯಾವುದನ್ನು ಅವುಚಿ ಹಿಡಿಯುವುದು? ಇಷ್ಟೊಂದು ಜನ ನಿಂತು ನೋಡುತ್ತಿದ್ದಾರೆ. ಇವಳು ನಿನ್ನೆ ಮೊನ್ನೆ ಬಂದ ಹುಡುಗಿ. ತಾಯಮ್ಮ ಎಲ್ಲರಿಗೂ ಕೇಳುವಂತೆ ನಕ್ಕಳು.

"ಮಂದ್ಯಾಗ ಹುಟ್ಟಿದಾಕಿಗೆ ಮೇವು ತಿನ್ಸೋದು ಹೇಳಿಕೊಡ್ತೀಯೇನವ್ವಾ?"

ಹೆಂಗಸರೂ ನಕ್ಕರು. "ದೊಡ್ಡೋರ ಎದುರು ಬಾಯಿ ಹಾಕ್ಬೇಡ, ಹೋಗಿ ಕಾಫಿ ಇಡು" ಎಂದು ವನಜಮ್ಮ ಗದರಿದಳು. ಚೈತ್ರ ಏರಿಯಿಂದ ಇಳಿದು ಹೋದಳು. ಆಕೆಯ ಹೊಂಡದಲ್ಲಿ ಆಕೆಯ ಮಾತು ನಡೆಯದೇ ಹೋದದ್ದು ಅದೇ ಮೊದಲು.

ತಾಯಮ್ಮ ಅಲ್ಲೇ ಉಳಿದು ಕೆಲವು ದಿನ ಉಂಡೆ ಹಾಕಿದಳು. ಒಂದು ಬೆಳಿಗ್ಗೆ ಹೊಂಡದಲ್ಲಿ ಒಂದೂ ಮೀನು ತೇಲಿರಲಿಲ್ಲ. ಪುಡಿ ಅರ್ಧ ಉಳಿದಿತ್ತು. ಪೊಟ್ಟಣದ ಮೇಲೆ ಬರೆದಷ್ಟು ದಿನವಾದರೂ ಹಾಕೋಣವೆಂದು ಚೈತ್ರ ಕೇಳಿಕೊಂಡಳು. ಎದ್ದ ಕುರಿಗೆ ಸೂಜಿ ಇಲ್ಲ ಎಂದಳು ತಾಯಮ್ಮ. ಎಲೆ ಅಡಿಕೆಯ ಜೊತೆ ವನಜಮ್ಮ ಕೊಟ್ಟ ಹಸಿರು ಕಣವನ್ನು ಕಣ್ಣಿಗೊತ್ತಿಕೊಂಡು, ಉಳಿದ ಪುಡಿಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಮುಂದಿನ ವಾರ ಮತ್ತೆ ಫೋನು ಬಂತು. ಈ ಸಲ ಗಟ್ಟಿಯಿದ್ದ ಮೀನುಗಳಿಗೂ ಹುಣ್ಣು. ತಾಯಮ್ಮ ಓಡಿ ಬಂದು ಪುಡಿಯನ್ನು ಎರಡು ಪಟ್ಟು ಮಾಡಿ ಕಲಸಿದಳು. ಈಗ ಉಂಡೆಗೆ ಮುತ್ತುವ ಮೀನುಗಳೇ ಕಡಿಮೆ. ಉಂಡೆಗಳು ನೀರಲ್ಲಿ ಕರಗಿ, ತೌಡು ತಳ ಸೇರಿ, ಹಳದಿ ಬಣ್ಣ ಮಾತ್ರ ಸ್ವಲ್ಪ ಹೊತ್ತು ಹೊಗೆಯ ಹಾಗೆ ಹರಡಿ ಹೋಗುತ್ತಿತ್ತು. ಸಾವು ನಿಲ್ಲಲಿಲ್ಲ. ತಾಯಮ್ಮ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಚೈತ್ರ ಯಾರನ್ನೂ ಕೇಳಲಿಲ್ಲ. ಉಸಿರಾಡುತ್ತಿದ್ದ ಎರಡು ಸೀಕು ಮೀನನ್ನು ಮುಚ್ಚಳದ ಬಕೆಟ್ಟಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೋದಳು. ಬಸ್ಸಿನವರು ವಾಸನೆ ಎಂದು ಬೈದರಂತೆ, ಮನೆಗೆ ಬಂದ ಮೇಲೆ ಅತ್ತೆ ಬೈದದ್ದಕ್ಕೆ ಅದು ಸಮನಲ್ಲ. ಇಲಾಖೆಯ ಶ್ರೀನಾಥ ಎಂಬಾತ ಮೀನನ್ನು ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬಂದ ಮೇಲೆ ಬೈಕಿನಲ್ಲಿ ಕುಪ್ಪಗಡ್ಡೆಗೆ ಬಂದ. ಏರಿಯ ಮೇಲೆ ವನಜಮ್ಮ, ತೀರ್ಥೇಶ, ಚೈತ್ರ, ಜಗದಾಂಬ, ನೆರೆಯ ಹೆಂಗಸರು ಎಲ್ಲರೂ ಇದ್ದರು. ಇನ್ನೂ ಊರಿಗೆ ಹೋಗದೆ ಉಳಿದಿದ್ದ ತಾಯಮ್ಮ ಸ್ವಲ್ಪ ದೂರದಲ್ಲಿ ಬದುವಿನ ಮೇಲೆ ಕೂತಿದ್ದಳು.

"ಮೀನಿನ ಒಳಗಿನ ರೋಗಾಣುನ ಗಾಜಿನ ತಟ್ಟೆಲಿ ಬೆಳೆಸಿ ನೋಡಿದ್ದಾರೆ," ಎಂದ ಶ್ರೀನಾಥ. "ನೀವು ಹಾಕಿದ ಔಷಧಿಗೆ ಅದು ಜಗ್ಗಲೇ ಇಲ್ಲ. ಔಷಧಿ ಇಟ್ಟ ಜಾಗದ ಪಕ್ಕದಲ್ಲೇ ಬೆಳೆದು ನಿಂತಿದೆ. ಒಂದನೇದು, ಸೀಕು ಬಂದ ಮೀನು ಮೇವು ಬಿಡುತ್ತೆ, ಮೇವಲ್ಲಿ ಕಲಸಿದ ಔಷಧಿ ಅದಕ್ಕೆ ಹೋಗೋದೇ ಇಲ್ಲ. ಎರಡನೇದು, ಅರ್ಧಕ್ಕೆ ನಿಲ್ಸಿದ್ದೀರಿ. ಆದ್ರೆ ಇಷ್ಟು ಬೇಗ ಇಷ್ಟು ಗಟ್ಟಿ ಆಗೋದು ಕಷ್ಟ. ಈ ಔಷಧಿ ಈ ನೀರಿಗೆ ಮೊದಲೇ ಪರಿಚಯ ಇರ್ಬೇಕು. ಹಿಂದಿನ ವರ್ಷ ಹಾಕಿದ್ರಾ?"

"ಇಲ್ಲ ಸಾರ್. ಒಂದು ಚಿಟಿಕೆನೂ ಹಾಕಿಲ್ಲ," ಎಂದಳು ಚೈತ್ರ.

"ಗೊಬ್ಬರ ಯಾವುದು ಹಾಕ್ತೀರಿ?"

"ಕುರಿ ಹಿಕ್ಕೆ."

"ಕುರಿಗೆ ಈ ಔಷಧಿ ಕೊಡ್ತಾರಾ? ಆಗಾಗ ಸ್ವಲ್ಪ ಸ್ವಲ್ಪ ಕೊಟ್ಟು ನಿಲ್ಲಿಸಿದ್ರೆ, ಅದಕ್ಕೆ ಸಾಯದೇ ಇರೋ ರೋಗಾಣು ಕುರಿ ಹೊಟ್ಟೆಲಿ ಉಳೀತವೆ. ಹಿಕ್ಕೆ ಜೊತೆ ನೀರಿಗೆ ಬರ್ತವೆ. ಆ ತಡೆಯೋ ಶಕ್ತಿನ ಒಂದು ಇನ್ನೊಂದಕ್ಕೆ ದಾಟಿಸುತ್ತೆ. ಇಲ್ಲಿ ಹಂಗೇ ಆಯ್ತು ಅಂತ ನಾನು ಆಣೆ ಮಾಡಿ ಹೇಳಕ್ಕಾಗಲ್ಲ. ಆದ್ರೆ ಬೇರೆ ದಾರಿ ನನಗೆ ಕಾಣ್ತಿಲ್ಲ."

ಚೈತ್ರ ತಾಯಮ್ಮನ ಕಡೆ ಒಮ್ಮೆ ನೋಡಿದಳು. ಕುರಿಗೆ ಕೊಡುತ್ತಾರೋ ಇಲ್ಲವೋ ಎಂಬ ಪ್ರಶ್ನೆಗೆ ಆಕೆ ಉತ್ತರ ಕೊಡಲಿಲ್ಲ. ಹೇಳಿಬಿಟ್ಟಿದ್ದರೆ ತಾಯಮ್ಮನಿಗೆ ಇಷ್ಟು ಉರಿಯುತ್ತಿರಲಿಲ್ಲ. ಬದುವಿನ ಮೇಲೆ ಕೂತವಳಿಗೆ ಕಂಬಳಿಯ ಚೀಲದಲ್ಲಿ ತೂಗುವ ಅರ್ಧ ಬಾಟಲಿಗಳು ಕಣ್ಣ ಮುಂದೆ ಬಂದವು. ಏಳದೇ ಹೋದ ಮರಿಗಳೂ ಬಂದವು. ಕಂಪನಿಯವರು ನೀರು ಬೆರೆಸಿರಲಿಲ್ಲ.

ಸತ್ತ ಮೀನು ತೆಗೆದು ಸುಣ್ಣ ಹಾಕಿ ಹೂಳಿ, ಮದ್ದು ನಿಲ್ಲಿಸಿ, ನೀರು ಖಾಲಿ ಮಾಡಿ ಹೊಂಡ ಒಣಗಲು ಬಿಡಿ, ಬೇಸಿಗೆ ಕಳೆದು ಹೊಸ ಮರಿ ಬಿಡಬಹುದು ಎಂದ ಶ್ರೀನಾಥ. "ಹೊಂಡ ಮುಚ್ಚೋ ಅಂಥದ್ದೇನೂ ಆಗಿಲ್ಲ ಅಮ್ಮ" ಎಂದು ವನಜಮ್ಮನಿಗೆ ಬೇರೆಯಾಗಿಯೇ ಹೇಳಿದ. ಚೈತ್ರಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಬೆಳಕು ಕಂಡಿತು. ಬೈಕು ತಿರುವು ದಾಟಲೆಂದೇ ವನಜಮ್ಮ ಕಾದಿದ್ದಳು.

"ಗಾಜಿನ ತಟ್ಟೆ ಅಂತೆ!" ಎಂದಳು ಆಮೇಲೆ. "ಇವರಿಗೇನು ಗೊತ್ತು. ಮನೆ ಸುದ್ದಿ ಮನೆಯೋರಿಗೆ ಗೊತ್ತು. ಇವಳು ಹೊರಗಾದಾಗ್ಲೂ ಹೊಂಡಕ್ಕೆ ಇಳೀತಿದ್ಲು. ಬೇಡ ಅಂತ ಎಷ್ಟು ಬಡ್ಕೊಂಡೆ! ಕಾಲ್ಗುಣ ಅನ್ನೋದು ಸುಮ್ನೆ ಅಲ್ಲ ಮಾರಾಯ್ತಿ. ತಾಯಕ್ಕನ ಕೈ ಇವತ್ತಿನವರೆಗೂ ಎಲ್ಲಾದ್ರೂ ಸೋತಿತ್ತಾ? ನಮ್ಮನೆ ಹೊಂಡಕ್ಕೇ ಬಂದು ಯಾಕೆ ಸೋಲ್ಬೇಕು? ತೀರ್ಥೇಶಾ, ಜೆಸಿಬಿಯೋನಿಗೆ ಹೇಳಿಬಿಡು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ತೀರ್ಥೇಶ ನೆಲ ನೋಡಿದ. ಇಂಥ ಹೊತ್ತಿನಲ್ಲಿ ನೆಲ ನೋಡುವುದೇ ಗಂಡನ ಕೆಲಸವೆಂದು ಅವನಿಗೆ ಯಾರು ಕಲಿಸಿದ್ದರೋ. ತಾಯಮ್ಮ ಬದುವಿನಿಂದ ಎದ್ದು ಬಂದಳು.

"ವನಜಕ್ಕ, ಆ ಹುಡುಗಿಗೆ ಒಂದು ಮಾತು ಅನಬ್ಯಾಡ. ತಪ್ಪು ನಂದು. ನನ್ನ ಕುರಿಗೆ ಅದೇ ಹಳದಿ ಮದ್ದು ಹಾಕ್ತೀನಿ. ಎದ್ದ ಕೂಡ್ಲೆ ನಿಲ್ಲಿಸ್ತೀನಿ. ಅದೇ ಹಿಕ್ಕಿ ನಿಮ್ಮ ಹೊಂಡಕ್ಕ ನಾನೇ ಸುರಿಸೀನಿ. ಸೀಕಾದ ಮೀನು ತಿಂತಿಲ್ಲ ಅಂತ ಈಕಿ ಕಣ್ಣಿಗೆ ಕಾಣಂಗ ತೋರ್ಸಿದ್ಲು, ನಾ ನಗಾಡಿ ಬಾಯಿ ಮುಚ್ಚಿಸ್ದೆ. ಮೀನು ಸತ್ತಿದ್ದು ನನ್ನ ಕೈಯಿಂದ. ಹೊಂಡ ಮುಚ್ಚಬ್ಯಾಡ."

ಬದುಕಿನಲ್ಲಿ ಇಷ್ಟು ಕಷ್ಟದ ಮಾತನ್ನು ಆಕೆ ಆಡಿರಲಿಲ್ಲ. ವನಜಮ್ಮ ಆಕೆಯನ್ನೇ ನೋಡಿದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೇಳಿದ್ರೇನೇ? ಗುಣ ಅಂದ್ರೆ ಇದು. ನನ್ನ ಸೊಸೆ ಮಾನ ಉಳಿಸಕ್ಕೆ ತನ್ನ ಮೇಲೆ ಹಾಕ್ಕೊಂತಾಳೆ."

"ಕೈಗುಣ ಸುಮ್ನೆ ಬರ್ತದಾ? ಮನಸ್ಸು ಹಂಗಿದ್ರೇ ಬರೋದು," ಎಂದಳು ಜಗದಾಂಬ. ಮತ್ತೊಬ್ಬಳು ಬಗ್ಗಿ ತಾಯಮ್ಮನ ಕಾಲು ಮುಟ್ಟಿದಳು.

ತಾನು ಹೇಳಿದ್ದು ನಿಜವೆಂದಳು ತಾಯಮ್ಮ. ಕೂಗಿ ಹೇಳಿದಳು, ಆಣೆ ಇಟ್ಟು ಹೇಳಿದಳು. ಹೇಳಿದಷ್ಟೂ ಅವರ ಕಣ್ಣಲ್ಲಿ ಆಕೆ ದೊಡ್ಡವಳಾಗುತ್ತ ಹೋದಳು, ಆಕೆ ದೊಡ್ಡವಳಾದಷ್ಟೂ ಚೈತ್ರ ಸಣ್ಣವಳಾದಳು. ಸುಳ್ಳು ಹೇಳಿದ್ದರೆ ನಂಬುತ್ತಿದ್ದರು. ನಿಜ ಹೇಳಿ ತಾಯಮ್ಮ ಸೋತಳು. ಕೊನೆಗೆ ವನಜಮ್ಮ ಎಂದಿನಂತೆ ಎಲೆ ಅಡಿಕೆಯ ತಟ್ಟೆ ತರಿಸಿ ಮುಂದೆ ಹಿಡಿದಾಗ ತಾಯಮ್ಮನಿಗೆ ಒಂದು ಉ‌ಪಾಯ ಹೊಳೆಯಿತು. ಮಾತನ್ನು ನಂಬದವರು ಕಟ್ಟಳೆಯನ್ನು ನಂಬುತ್ತಾರೆ.

"ಎಲಿ ಅಡಿಕಿ ಬ್ಯಾಡ. ದುಡ್ಡು ಕೊಡು," ಎಂದಳು.

"ಏನಂದೆ?"

"ಮದ್ದು ಹಾಕೀನಿ. ಮದ್ದು ಹಾಕಿದ್ದಕ್ಕ ದುಡ್ಡು ಕೊಡು. ಎಲ್ಲಾರ ಮುಂದ ಕೊಡು."

ವನಜಮ್ಮ ಬೇಡವೆಂದು ಕೈ ಮುಗಿದಳು. ತಾಯಮ್ಮ ತೀರ್ಥೇಶನ ಕಡೆ ಅಂಗೈ ಚಾಚಿ ನಿಂತೇ ಇದ್ದಳು. ಅವನು ಗಲಿಬಿಲಿಯಲ್ಲಿ ಜೇಬಿಗೆ ಕೈ ಹಾಕಿ ಸಿಕ್ಕಿದ ನೋಟನ್ನು ಕೊಟ್ಟ. ತಾಯಮ್ಮ ಅದನ್ನು ಎಲ್ಲರಿಗೂ ಕಾಣುವಂತೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜಗದಾಂಬ ಬಾಯಿಗೆ ಸೆರಗು ಒತ್ತಿಕೊಂಡಳು. ಆಗ ತಾನೇ ಕಾಲು ಮುಟ್ಟಿದ್ದವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಈಗ ನನ್ನ ಕೈಯಾಗ ಏನೂ ಇಲ್ಲ," ಎಂದಳು ತಾಯಮ್ಮ. "ಮೊದ್ಲೂ ಇದ್ದಿಲ್ಲ. ಹೊಂಡ ಆಕಿಗೆ ಬಿಡ್ರಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಆಕೆಗೆ ಮೈ ಹಗುರವಾಗಿತ್ತು. ಒಂದು ಜನ್ಮದ ಹೆಸರನ್ನು ಕೊಟ್ಟು ಒಂದು ಹುಡುಗಿಯ ಹೊಂಡ ಉಳಿಸಿದೆ ಎಂದುಕೊಂಡಳು. ನಷ್ಟವೇನೂ ಅಲ್ಲ ಎಂದುಕೊಂಡಳು.

ಸುದ್ದಿ ಬಸ್ಸಿಗಿಂತ ಮೊದಲೇ ಬಂದಳಿಕೆ ತಲುಪಿತ್ತು. "ಒಂದು ನೋಟಿಗೆ ಮನಿ ಮರ್ಯಾದಿ ಮಾರ್ಕೊಂಡು ಬಂದ್ಯಲ್ಲೇ" ಎಂದು ದೊಡ್ಡಬೀರಪ್ಪ ಉಣ್ಣುವ ತಟ್ಟೆ ಸರಿಸಿ ಎದ್ದ. ಹೇಳಿಕಳಿಸುವವರು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ತಾಯಮ್ಮ ಅರ್ಧ ಬಾಟಲಿಗಳನ್ನೆಲ್ಲ ದನದ ಆಸ್ಪತ್ರೆಗೆ ಒಯ್ದು ಮುಂದಿಟ್ಟು ಏನು ಮಾಡಬೇಕೆಂದು ಕೇಳಿದಳು. ಡಾಕ್ಟರು ನೋಡಿ ಬರೆದುಕೊಟ್ಟರೆ ಮಾತ್ರ ಮದ್ದು ತಂದಳು, ಕುರಿ ಎದ್ದು ಮೇಯುತ್ತಿದ್ದರೂ ಹಿಡಿದು ನಿಲ್ಲಿಸಿ ಹೇಳಿದಷ್ಟು ದಿನ ಚುಚ್ಚಿದಳು. ನೋಡಿದವರು ನಕ್ಕರು. ಕೈಗುಣ ಹೋದವಳು ಎದ್ದ ಕುರಿಗೂ ಚುಚ್ಚಬೇಕಾಯಿತು ನೋಡಿ ಎಂದರು. ಆ ಸುಗ್ಗಿಗೆ ವನಜಮ್ಮನ ಗದ್ದೆಗೆ ಬೇರೆ ಯಾರದೋ ಮಂದೆ ಹೋಯಿತೆಂದು ತಿಳಿದಾಗಲೂ ಆಕೆಗೆ ಬೇಸರವಾಗಲಿಲ್ಲ. ಹಾಗೇ ಆಗಬೇಕಿತ್ತು. ಹೊಂಡವಿದೆಯಲ್ಲ ಎಂದುಕೊಂಡಳು.

ಬೇಸಿಗೆಯ ಕೊನೆಯಲ್ಲಿ ಏನೋ ಕೆಲಸಕ್ಕೆ ಸೊರಬಕ್ಕೆ ಹೋದವಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಚೈತ್ರ ಸಿಕ್ಕಿದಳು. ಕಾಲ ಬಳಿ ಬಟ್ಟೆ ತುಂಬಿದ ದೊಡ್ಡ ಚೀಲ. ಮುಖ ಇಳಿದಿತ್ತು.

"ಹೊಸ ಮರಿ ಬಿಟ್ಟೇನವ್ವಾ?" ಎಂದು ಕೇಳಿದಳು ತಾಯಮ್ಮ.

"ಎಲ್ಲಿಗೆ ಬಿಡ್ಲಿ ದೊಡ್ಡಮ್ಮ? ಹೊಂಡ ಮುಚ್ಸಿ ಆತು. ಜೆಸಿಬಿ ಬಂದು ಮಧ್ಯಾಹ್ನದೊಳಗೆ ಮುಗಿಸಿ ಹೋತು."

"ನಾ ದುಡ್ಡು ಇಸ್ಕೊಂಡಿದ್ದು ನೋಡಿದ ಮ್ಯಾಲೂ?"

ಚೈತ್ರ ನಕ್ಕಳು. ಆ ನಗುವಿನಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

"ನೋಡಿದ್ದಕ್ಕೇ ದೊಡ್ಡಮ್ಮ. ಮೊದ್ಲು ಮೀನು ತಿಂದೋಳು ಅಂತಿದ್ರು. ಈಗ ತಾಯಕ್ಕನ ಕೈಗುಣನೂ ತಿಂದೋಳು ಅಂತಾರೆ. ಅಂಥೋರೇ ದುಡ್ಡಿಗೆ ಕೈ ಒಡ್ಡೋ ಹಂಗಾತು ಅಂದ್ರೆ ಇವಳ ಕಾಲ್ಗುಣ ಎಂಥದ್ದಿರ್ಬೇಕು ಅಂತ ಅತ್ತೆ ಊರಿಗೆಲ್ಲ ಹೇಳ್ಕೊಂಡು ಅಳ್ತಾರೆ. ಸ್ವಲ್ಪ ದಿನ ತವರಿಗೆ ಹೋಗಿರು ಅಂದ್ರು. ಹೋಗ್ತಿದೀನಿ."

ತಾಯಮ್ಮ ಆಕೆಯ ಕೈ ಹಿಡಿದುಕೊಂಡಳು. "ನನ್ನಿಂದ ಆಗೋದು ಮಾಡಿದ್ನವ್ವಾ" ಎಂದಳು.

ಜಡೆಯ ಬಸ್ಸು ಬಂದು ನಿಂತಿತು. ಚೈತ್ರ ಮೆಲ್ಲಗೆ ಕೈ ಬಿಡಿಸಿಕೊಂಡು ಚೀಲ ಎತ್ತಿಕೊಂಡಳು.

"ಅವತ್ತು ಅಂಚಲ್ಲಿ ನಿಂತಿದ್ದ ಮೀನು ತೋರ್ಸಿದ್ನಲ್ಲ ದೊಡ್ಡಮ್ಮ, ಆಗ ಹೌದು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಆಗ ನಿಮ್ಮ ಮಾತು ನಡೀತಿತ್ತು."

ಬಸ್ಸು ಹೊರಟಿತು. ತಾಯಮ್ಮ ಬಂದ ಕೆಲಸವನ್ನು ಮರೆತು ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಳು.